ಆರಂಭಶೂರತನಕ್ಕೆ ಮದ್ದಿದೆಯೇ? ಹೊಸ ವರ್ಷದ ಪ್ರಶ್ನೋತ್ತರ

ಹೊಸ ವರ್ಷದ ನಿರ್ಧಾರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ 'ಶುರು ಮಾಡುತ್ತೇನೆ, ಆದರೆ ನಿಲ್ಲುವುದಿಲ್ಲ' ಎಂಬ ದೂರಿನವು. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಹಲವರು ಕೋರಿದ್ದರಿಂದ ಊರು ಮಾತ್ರ ಇದೆ.

ಪ್ರತಿ ಜನವರಿ ಒಂದಕ್ಕೆ ಡೈರಿಯ ಮೊದಲ ಪುಟದಲ್ಲಿ ಏಳೆಂಟು ನಿರ್ಧಾರ ಬರೆಯುತ್ತೇನೆ. ಎಳ್ಳು ಬೀರುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. 21 ದಿನ ಹಲ್ಲು ಕಚ್ಚಿ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುತ್ತಾರೆ, ನನಗೆ ಅಷ್ಟೂ ಆಗುತ್ತಿಲ್ಲ. ಮನೋಬಲವೇ ಕಡಿಮೆಯೇ? (ದಾವಣಗೆರೆ)

ಮನೋಬಲದ ಮಾತು ಆಮೇಲೆ. ಮೊದಲು ಆ ಏಳೆಂಟರಲ್ಲಿ ಒಂದನ್ನು ಉಳಿಸಿಕೊಂಡು ಬಾಕಿಯವನ್ನು ಹೊಡೆದುಹಾಕಿ. ಹೊಸ ಕೆಲಸ ಯಾವುದೇ ಇರಲಿ, ಮೊದಲ ಕೆಲವು ವಾರ ಅದನ್ನು ನೆನಪಿಟ್ಟುಕೊಂಡು, ಮನಸ್ಸನ್ನು ಒಪ್ಪಿಸಿಯೇ ಮಾಡಬೇಕು. ದಿನಕ್ಕೆ ಏಳು ಸಲ ಹಾಗೆ ಒಪ್ಪಿಸುವುದು ಕಚೇರಿ, ಮನೆ, ಮಕ್ಕಳ ಹೋಂವರ್ಕ್ ನಡುವೆ ಯಾರಿಂದಲೂ ಆಗದ ಮಾತು.

21 ದಿನದ ಲೆಕ್ಕ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದದ್ದರಿಂದ ಬಂತು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂಬುದು ಅವರ ಗಮನಕ್ಕೆ ಬಂದಿತ್ತು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿಹೋಯಿತು, ಮುಖದ ವಿಷಯವೂ ಉದುರಿಹೋಯಿತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಮಂದಿಗೆ ಊಟ, ನೀರು ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದೊಂದು ಕೆಲಸವನ್ನು ದಿನವೂ ಒಂದೇ ಸಂದರ್ಭದಲ್ಲಿ 12 ವಾರ ಮಾಡಲು ಹೇಳಿದರು. ಯೋಚಿಸದೆಯೇ ಕೈ ಅತ್ತ ಹೋಗುವ ಹಂತಕ್ಕೆ ಬೇಕಾಗುವ ಕಾಲ ನಡುಮಧ್ಯದ ಲೆಕ್ಕದಲ್ಲಿ 66 ದಿನ, ಅಂದರೆ ಅರ್ಧ ಮಂದಿಗೆ ಅದಕ್ಕಿಂತ ಕಡಿಮೆ, ಅರ್ಧ ಮಂದಿಗೆ ಹೆಚ್ಚು. ಬೇಗ ಹಿಡಿದವರಿಗೆ 18, ಅತಿ ನಿಧಾನದವರಿಗೆ 254 ಎಂದು ಅಂದಾಜು ಬಂತು. ಒಂದು ಲೋಟ ನೀರು ಕುಡಿಯುವುದು ಬೇಗ ಹತ್ತಿತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಆದ್ದರಿಂದ ಜನವರಿ 22ಕ್ಕೆ ಇನ್ನೂ ಕಷ್ಟ ಅನಿಸಿದರೆ ನಿಮ್ಮಲ್ಲಿ ಕೊರತೆಯೇನೂ ಇಲ್ಲ. ಮಾರ್ಚ್ ಮೊದಲ ವಾರದ ತನಕ ಕಷ್ಟವಾಗುವುದು ಮಾಮೂಲು.

ಇನ್ನು ಬರೆಯುವ ರೀತಿ. 'ಓದು ಹೆಚ್ಚಿಸಬೇಕು' ಅನ್ನುವುದು ಬರೀ ಆಸೆ. ಇದನ್ನೇ ಹೀಗೆ ಬರೆಯಿರಿ: 'ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ, ಹಜಾರದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಎರಡು ಪುಟ ಓದುತ್ತೇನೆ.' ಯಾವುದು ಮುಗಿದ ಮೇಲೆ, ಎಲ್ಲಿ, ಎಷ್ಟು, ಈ ಮೂರೂ ಅದರಲ್ಲಿವೆ. ಪೂಜೆಗೆ ಕೂತಾಗ ಪುರೋಹಿತರು ಸಂವತ್ಸರ, ಅಯನ, ಋತು, ಮಾಸ, ತಿಥಿ, ವಾರ, ಇಂಥ ನದಿಯ ಇಂಥ ದಡ ಎಂದೆಲ್ಲ ಹೇಳಿಸಿದ ಮೇಲೆಯೇ 'ಕರಿಷ್ಯೇ' ಅನ್ನಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಹೀಗೆ ಹೊತ್ತು, ಜಾಗ ಗೊತ್ತುಮಾಡಿ ಬರೆದವರು ಬರೀ ಗುರಿ ಬರೆದವರಿಗಿಂತ ಹೆಚ್ಚು ಮಾಡಿ ಮುಗಿಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೂ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ.

ತಪ್ಪುವುದು ಹೆಚ್ಚಾಗಿ ಕೊಂಡಿಯಲ್ಲಿ, ಅಂದರೆ 'ಯಾವುದು ಮುಗಿದ ಮೇಲೆ' ಎಂಬಲ್ಲಿ. ಗಡಿಯಾರ ಒಳ್ಳೆಯ ಕೊಂಡಿಯಲ್ಲ, ಏಳೂವರೆ ಆಗಿಹೋದದ್ದೇ ಗೊತ್ತಾಗುವುದಿಲ್ಲ. 'ಆಫೀಸಿನಿಂದ ಬಂದ ಮೇಲೆ' ಎಂಬುದೂ ಭಾನುವಾರ ಇರುವುದಿಲ್ಲ, ಬಸ್ ತಪ್ಪಿದ ದಿನ ಒಂಬತ್ತಕ್ಕೆ ಜಾರುತ್ತದೆ. ಹಲ್ಲುಜ್ಜುವುದು, ಕಾಫಿ ಲೋಟ ಕೆಳಗಿಡುವುದು, ದೇವರ ದೀಪ ಹಚ್ಚುವುದು, ರಾತ್ರಿ ಬಾಗಿಲ ಚಿಲಕ ಹಾಕುವುದು ವರ್ಷದ 365 ದಿನವೂ ಆಗುವ ಕೆಲಸಗಳು. ಇಂಥದಕ್ಕೆ ಕಟ್ಟಿ.

ಅಳತೆ ಎಷ್ಟಿರಬೇಕೆಂದರೆ ಜ್ವರ ಬಂದ ದಿನವೂ, ಮದುವೆ ಮನೆಯಿಂದ ರಾತ್ರಿ ಹನ್ನೊಂದಕ್ಕೆ ಮರಳಿದ ದಿನವೂ ಎರಡು ನಿಮಿಷದಲ್ಲಿ ಮುಗಿಯಬೇಕು. ಹುಮ್ಮಸ್ಸಿದ್ದ ದಿನ ಇಪ್ಪತ್ತು ಪುಟ ಓದಿ, ಬೇಡವೆಂದವರಾರು? ಆದರೆ ಮೊದಲ ಎರಡು ವಾರ ಕಾಗದದ ಮೇಲಿನ ಅಳತೆಯನ್ನು ಏರಿಸಬೇಡಿ.

ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಲಂಡನ್ನಿನ ಅಧ್ಯಯನದಲ್ಲೂ ಅದೇ ಕಂಡಿತು. ತಪ್ಪಿದ ಮರುದಿನ ನಾಲ್ಕು ಪುಟ ಓದಿ ಬಾಕಿ ತೀರಿಸಲು ಹೋಗಬೇಡಿ, ಎರಡೇ ಓದಿ. ಗೋಡೆ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೆ ಒಂದು ಗೀಟು ಹಾಕಿ. ತಪ್ಪಿದ ದಿನದ ಚೌಕ ಖಾಲಿ ಬಿಡದೆ ಒಂದೇ ಪದದ ಕಾರಣ ಬರೆಯಿರಿ: 'ನೆಂಟರು', 'ತಲೆನೋವು', 'ಮೊಬೈಲ್'. ತಿಂಗಳ ಕೊನೆಗೆ ಒಂದೇ ಪದ ನಾಲ್ಕು ಸಲ ಬಂದಿದ್ದರೆ ಸರಿಪಡಿಸಬೇಕಾದದ್ದು ಅದನ್ನೇ.

ಕೊನೆಯದಾಗಿ, ನಿರ್ಧಾರ 'ಬಿಡುತ್ತೇನೆ' ಎಂಬುದಕ್ಕಿಂತ 'ಮಾಡುತ್ತೇನೆ' ಎಂಬ ರೂಪದಲ್ಲಿರಲಿ. ಸ್ವೀಡನ್ನಿನಲ್ಲಿ 1,066 ಮಂದಿಯ ಹೊಸ ವರ್ಷದ ನಿರ್ಧಾರಗಳನ್ನು ಒಂದು ವರ್ಷ ಹಿಂಬಾಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 'ಮಾಡುತ್ತೇನೆ' ಎಂದವರಲ್ಲಿ ಶೇ. 58.9 ಮಂದಿ ಯಶಸ್ವಿಯಾದೆವು ಎಂದರು, 'ಬಿಡುತ್ತೇನೆ' ಎಂದವರಲ್ಲಿ ಶೇ. 47.1. 'ಸಂಜೆ ಬೋಂಡ ತಿನ್ನುವುದಿಲ್ಲ' ಎನ್ನುವ ಬದಲು 'ಸಂಜೆ ಚಹಾದ ಜೊತೆ ಒಂದು ಹಿಡಿ ಹುರಿಗಡಲೆ' ಎಂದು ಬರೆಯಿರಿ. ಬೋಂಡಕ್ಕೆ ಜಾಗ ತಾನಾಗಿ ಕಡಿಮೆಯಾಗುತ್ತದೆ.

ಏಳಕ್ಕೆ ಏಳುವವನು ಐದಕ್ಕೆ ಏಳಬೇಕೆಂದಿದ್ದೇನೆ. ಮೂರು ದಿನ ಎದ್ದೆ, ನಾಲ್ಕನೆಯ ದಿನ ಎಂಟಾಯಿತು. (ಹಾಸನ)

ಒಂದೇ ಏಟಿಗೆ ಎರಡು ಗಂಟೆ ಕಡಿದಿರಿ, ಮಲಗುವ ಹೊತ್ತು ಮಾತ್ರ ಅಲ್ಲೇ ಉಳಿಯಿತು. ದೇಹ ನಾಲ್ಕನೆಯ ದಿನ ಬಾಕಿ ವಸೂಲು ಮಾಡಿಕೊಂಡಿತು. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ದೀಪ ಆರಬೇಕು. ಮನೆಯಲ್ಲಿ ಊಟವೇ ಒಂಬತ್ತೂವರೆಗೆ ಅನ್ನುವುದಾದರೆ ಮೊದಲು ಊಟದ ಹೊತ್ತಿನ ಬಗ್ಗೆ ಮಾತಾಡಿ, ಅಲಾರಂ ಆಮೇಲೆ.

ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಏಳರಿಂದ ಐದಕ್ಕೆ ಎಂಟು ಮೆಟ್ಟಿಲು, ಒಂದು ತಿಂಗಳ ಕೆಲಸ. ಭಾನುವಾರ ಒಂದು ಗಂಟೆಗಿಂತ ಹೆಚ್ಚು ತಡ ಬೇಡ, ಇಲ್ಲದಿದ್ದರೆ ಪ್ರತಿ ಸೋಮವಾರ ಮೊದಲಿನಿಂದ ಶುರು ಮಾಡಿದಂತೆ. ಎದ್ದ ಕೂಡಲೇ ಬೆಳಕು ಕಣ್ಣಿಗೆ ಬೀಳಬೇಕು, ಒಳಗಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದು ಅದೇ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಆರು ಮುಕ್ಕಾಲು, ಏಳರ ಆಸುಪಾಸು. ಐದಕ್ಕೆ ಎದ್ದವರಿಗೆ ಎರಡು ಗಂಟೆ ಕತ್ತಲೆ, ಅದರ ಮೇಲೆ ಚಳಿ. ಹಾಗಾಗಿ ಕೋಣೆಯ ದೊಡ್ಡ ದೀಪ ಹಾಕಿ, ಸ್ವೆಟರ್ ಕೈಗೆಟಕುವಲ್ಲಿರಲಿ, ಅಲಾರಂ ಎದ್ದು ನಡೆದರಷ್ಟೇ ಸಿಗುವಷ್ಟು ದೂರದಲ್ಲಿರಲಿ.

ಕಾಫಿ ಪ್ರಿಯರಿಗೆ ಒಂದು ಮಾತು: ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ. ಹತ್ತಕ್ಕೆ ಮಲಗುವವರು ಕೊನೆಯ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ಇಷ್ಟೆಲ್ಲ ಮಾಡಿಯೂ ಹಗಲಿಡೀ ತೂಕಡಿಕೆ, ರಾತ್ರಿ ಜೋರು ಗೊರಕೆ ಇದ್ದರೆ ವೈದ್ಯರಿಗೆ ತೋರಿಸಿ.

ಐದಕ್ಕೆ ಎದ್ದು ಏನು ಮಾಡುತ್ತೀರೆಂದು ನೀವು ಬರೆದಿಲ್ಲ. ಮಾಡುವುದೇನೂ ಇಲ್ಲದಿದ್ದರೆ ಆರೂವರೆಗೇ ಏಳಿ, ನಷ್ಟವಿಲ್ಲ.

ವಯಸ್ಸು 48, ತೂಕ 82 ಕೆಜಿ. ವಾಕಿಂಗ್ ಶುರು ಮಾಡಬೇಕೆಂದಿದ್ದೇನೆ, ಮಂಡಿ ನೋವಿನ ಭಯ. ಜಿಮ್‌ನವರು ವರ್ಷದ ಶುಲ್ಕಕ್ಕೆ ಜನವರಿಯಲ್ಲಿ ಭಾರೀ ರಿಯಾಯಿತಿ ಕೊಡುತ್ತಿದ್ದಾರೆ, ಸೇರಲೇ? ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. (ಹುಬ್ಬಳ್ಳಿ)

ಜಿಮ್‌ಗೆ ಒಂದು ತಿಂಗಳಿಗೆ ಕಟ್ಟಿ. ದುಬಾರಿಯಾದರೂ ಸರಿ. ತಿಂಗಳಲ್ಲಿ ಹನ್ನೆರಡು ಸಲ ಹೋದರೆ ಆಮೇಲೆ ಮೂರು ತಿಂಗಳಿಗೆ ಕಟ್ಟಿ. ವರ್ಷದ ರಿಯಾಯಿತಿಯ ಲೆಕ್ಕಾಚಾರ ನಿಂತಿರುವುದೇ ಫೆಬ್ರವರಿಯಲ್ಲಿ ಬಾರದವರ ದುಡ್ಡಿನ ಮೇಲೆ.

ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮಧ್ಯಮ ವೇಗ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎಣಿಸಿ ನೋಡಬೇಕೆಂದರೆ 15 ಸೆಕೆಂಡಿಗೆ 25 ಹೆಜ್ಜೆ. ಪಾರ್ಕಿನಲ್ಲಿ ಗೆಳೆಯರೊಡನೆ ರಾಜಕೀಯ ಹರಟುತ್ತ ನಡೆಯುವವರಲ್ಲಿ ಅನೇಕರು 20 ದಾಟುವುದಿಲ್ಲ. ಮೊದಲ ವಾರ ದಿನಕ್ಕೆ 10 ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸಿ. ಐದನೆಯ ವಾರಕ್ಕೆ ಅರ್ಧ ಗಂಟೆ, ವಾರದಲ್ಲಿ ಐದು ದಿನ ನಡೆದರೆ 150 ಆಯಿತು.

ಮಂಡಿ ನೋವು ಹೆಚ್ಚಾಗಿ ಬರುವುದು ಮೊದಲ ದಿನವೇ ಐದು ಕಿಲೋಮೀಟರ್ ನಡೆದವರಿಗೆ ಮತ್ತು ತೆಳು ಚಪ್ಪಲಿಯಲ್ಲಿ ಕಾಂಕ್ರೀಟ್ ಮೇಲೆ ನಡೆದವರಿಗೆ. ಹಿಮ್ಮಡಿಯ ಒಂದು ಅಂಚು ಸವೆದ ಹಳೆ ಶೂ ಬೇಡ. ಮಣ್ಣಿನ ಹಾದಿ ಸಿಕ್ಕರೆ ಒಳ್ಳೆಯದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಮನೆಯಲ್ಲೇ ಆಗುವ ವ್ಯಾಯಾಮ, ವಾರಕ್ಕೆ ಎರಡು ಮೂರು ದಿನ ಸಾಕು. ನಡೆದ ಮೇಲಿನ ನೋವು ಮರುದಿನಕ್ಕೆ ಮಾಯವಾದರೆ ಮುಂದುವರಿಸಿ. ಮಂಡಿ ಊದಿದರೆ ಅಥವಾ ಮೆಟ್ಟಿಲು ಇಳಿಯುವಾಗ ಚುಚ್ಚಿದರೆ ನಿಲ್ಲಿಸಿ ತೋರಿಸಿ.

ಸಕ್ಕರೆ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಜಾತಿಯವು ಇದ್ದರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ನಡೆಯುವಾಗ ಸಕ್ಕರೆ ತೀರ ಇಳಿಯಬಹುದು: ಬೆವರು, ಕೈ ನಡುಕ, ಕಣ್ಣು ಮಂಜು. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪೊಟ್ಟಣ ಜೇಬಿನಲ್ಲಿರಲಿ. ನಡಿಗೆ ಹೆಚ್ಚಿಸುವ ಮುನ್ನ ಮಾತ್ರೆಯ ಅಳತೆ, ಹೊತ್ತಿನ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ತೂಕದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ತೂಕಕ್ಕೆ ಅರ್ಧ ಗಂಟೆ ಚುರುಕು ನಡಿಗೆ ಖರ್ಚು ಮಾಡುವುದು ಸುಮಾರು 140 ಕ್ಯಾಲೊರಿ. ಬರುವಾಗ ತಿಂದ ಮಸಾಲೆ ದೋಸೆ ಅದರ ದುಪ್ಪಟ್ಟನ್ನೂ ಮೀರಬಹುದು. ತಕ್ಕಡಿಯ ಬದಲು ಟೇಪು ಹಿಡಿಯಿರಿ: ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ತಿಂಗಳಿಗೊಮ್ಮೆ. ನಮ್ಮ ಜನಕ್ಕೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ಎಣ್ಣೆ, ಸಕ್ಕರೆ, ಉಪ್ಪು ಕಡಿಮೆ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಎಷ್ಟು ಅಂದರೆ ಕಡಿಮೆ? ಒಗ್ಗರಣೆಯನ್ನು ಚಮಚದಲ್ಲಿ ಅಳೆಯುತ್ತ ಕೂರಲು ನನ್ನಿಂದಾಗದು. (ಮೈಸೂರು)

ಅಳೆಯಬೇಡಿ. ತಿಂಗಳ ಸಾಮಾನು ತರುವಾಗಲೇ ಲೆಕ್ಕ ಮುಗಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ತಲೆಗೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ ಸೇರಿ. ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ 3.2 ಕೆಜಿ, ಅಂದರೆ ಒಂದು ಲೀಟರಿನ ಪ್ಯಾಕೆಟ್ ಮೂರೂವರೆ. ಈಗ ಐದು ಖರ್ಚಾಗುತ್ತಿದ್ದರೆ ಮುಂದಿನ ತಿಂಗಳು ನಾಲ್ಕೂವರೆ ತನ್ನಿ. ಡಬ್ಬಿಯ ಹೊರಗೆ ವಾರಕ್ಕೊಂದು ಗೆರೆ ಎಳೆಯಿರಿ, ಗೆರೆಗಿಂತ ಕೆಳಗೆ ಹೋದ ವಾರ ಕರಿದದ್ದು ಬೇಡ. ಎಣ್ಣೆ ಸುರಿಯುವ ಕ್ಯಾನಿನ ಬಾಯಿ ಅಗಲವಿದ್ದರೆ ಬದಲಿಸಿ. ಬಾಣಲೆಗೆ ಹೆಚ್ಚು ಬೀಳುವುದು ಬಹುಪಾಲು ಅಲ್ಲಿಂದಲೇ.

ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಒಳಗೆ, ಸಮತಟ್ಟಾದ ಒಂದು ಚಹಾ ಚಮಚ. ನಾಲ್ಕು ಮಂದಿಗೆ ಒಂದು ಕೆಜಿ ಪೊಟ್ಟಣ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬ್ರೆಡ್ಡಿನ ಉಪ್ಪು ಬೇರೆ ಇರುವುದರಿಂದ ನಿಜಕ್ಕೆ ಇನ್ನೂ ಹೆಚ್ಚು ದಿನ ಬರಬೇಕು. ಪೊಟ್ಟಣ ಒಡೆದ ತಾರೀಕನ್ನು ಅದರ ಮೇಲೇ ಬರೆದಿಡಿ. ಅನ್ನಕ್ಕೆ ಉಪ್ಪು ಹಾಕುವುದನ್ನು ಮೊದಲು ನಿಲ್ಲಿಸಿ, ಸಾರು, ಪಲ್ಯ ಇರುವಾಗ ಅದು ಬೇಕಾಗುವುದಿಲ್ಲ. ಮಜ್ಜಿಗೆಯದು ಎರಡನೆಯದು.

ಸಕ್ಕರೆಯಲ್ಲಿ ಮೋಸ ಹೋಗುವುದು ಕಾಫಿ, ಚಹಾದಲ್ಲಿ. ಲೋಟಕ್ಕೆ ಎರಡು ಚಮಚದಂತೆ ಮೂರು ಲೋಟ ಎಂದರೆ ಹೆಚ್ಚುಕಡಿಮೆ 25ರಿಂದ 30 ಗ್ರಾಂ. ಇಡೀ ದಿನಕ್ಕೆ ಸಾಕಾಗುವಷ್ಟು ಅಲ್ಲೇ ಮುಗಿಯಿತು. ಒಮ್ಮೆಲೇ ನಿಲ್ಲಿಸಿದವರು ಎರಡನೆಯ ವಾರ ಹಳೆ ಅಳತೆಗೆ ಮರಳುವುದೇ ಹೆಚ್ಚು. ಹತ್ತು ದಿನಕ್ಕೊಮ್ಮೆ ಕಾಲು ಚಮಚ ಇಳಿಸಿ, ನಾಲಿಗೆ ಅಷ್ಟರಲ್ಲಿ ಒಗ್ಗಿರುತ್ತದೆ. ಎರಡು ಚಮಚ ಅರ್ಧ ಚಮಚಕ್ಕಿಳಿಯಲು ಎರಡು ತಿಂಗಳು. ಬೆಲ್ಲಕ್ಕೆ ಬದಲಿಸಿದೆವು ಎಂದು ಸಮಾಧಾನ ಪಡಬೇಡಿ, ರಕ್ತದ ಸಕ್ಕರೆಯ ಲೆಕ್ಕದಲ್ಲಿ ಅದೂ ಸಕ್ಕರೆಯೇ.

ಸಂಬಳ 28 ಸಾವಿರ. ತಿಂಗಳ ಕೊನೆಗೆ ಉಳಿದದ್ದನ್ನು ಉಳಿತಾಯ ಮಾಡುತ್ತೇನೆ ಅಂದುಕೊಳ್ಳುತ್ತೇನೆ. ಉಳಿಯುವುದೇ ಇಲ್ಲ. (ಶಿವಮೊಗ್ಗ)

ಉಳಿದದ್ದನ್ನು ಉಳಿಸುವ ಕ್ರಮದಲ್ಲಿ ಯಾರಿಗೂ ಉಳಿಯುವುದಿಲ್ಲ. ಸಂಬಳ ಬಿದ್ದ ಮರುದಿನ ಅಥವಾ ಅದರ ಮರುದಿನಕ್ಕೆ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಕೊಟ್ಟು 2,000 ರೂ. ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಿ. ಅದೇ ದಿನಕ್ಕೆ ಹಾಕಬೇಡಿ. ಸಂಬಳ ಒಂದು ದಿನ ತಡವಾದರೆ ಕಂತು ವಾಪಸಾಗಿ, ಬ್ಯಾಂಕು ದಂಡ ಹಾಕುವ ಸಾಧ್ಯತೆ ಇರುತ್ತದೆ. ಆ ಬೇರೆ ಖಾತೆಗೆ ಎಟಿಎಂ ಕಾರ್ಡ್ ಬೇಡ, ಯುಪಿಐಗೂ ಜೋಡಿಸಬೇಡಿ.

ಮೊದಲ ಗುರಿ ಮೂರು ತಿಂಗಳ ಮನೆ ಖರ್ಚು, ಕೇಳಿದ ಕೂಡಲೇ ಸಿಗುವಂತೆ. ಅದಾದ ಮೇಲೆ ಅಂಚೆ ಕಚೇರಿಯ ಆರ್‌ಡಿ ನೋಡಬಹುದು: ತಿಂಗಳಿಗೆ ಕನಿಷ್ಠ 100 ರೂ., ಅವಧಿ ಐದು ವರ್ಷ, ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಮೂರು ವರ್ಷಕ್ಕೆ ಮುಂಚೆ ಮುಚ್ಚಲಾಗದು, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಆದ್ದರಿಂದ ತುರ್ತಿನ ದುಡ್ಡನ್ನು ಇದರಲ್ಲಿ ಹಾಕಬೇಡಿ. ದೂರದ ಗುರಿಗೆ ಪಿಪಿಎಫ್: 15 ವರ್ಷ, ವರ್ಷಕ್ಕೆ 500 ರೂ.ನಿಂದ ಒಂದೂವರೆ ಲಕ್ಷದವರೆಗೆ. ಇದಕ್ಕೆ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕಟ್ಟಿ. ಬಡ್ಡಿ ಲೆಕ್ಕ ಹಾಕುವುದು 5ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ, 6ರಂದು ಕಟ್ಟಿದ್ದಕ್ಕೆ ಆ ತಿಂಗಳ ಬಡ್ಡಿ ಇಲ್ಲ.

ದುಡ್ಡು ಎಲ್ಲಿ ಹೋಗುತ್ತಿದೆ ಎಂಬುದಕ್ಕೆ ಒಂದೇ ತಿಂಗಳು, ಚಹಾದ ಹತ್ತು ರೂಪಾಯಿಯನ್ನೂ ಬಿಡದೆ ಬರೆಯಿರಿ. ವರ್ಷವಿಡೀ ಬರೆಯುವ ಪ್ರತಿಜ್ಞೆ ಬೇಡ. ಯುಪಿಐ ಆಪ್‌ನಲ್ಲಿ 'ಆಟೋಪೇ' ಎಂಬ ವಿಭಾಗ ತೆರೆದು ನೋಡಿ. ಯಾವಾಗಲೋ ಒಪ್ಪಿಗೆ ಕೊಟ್ಟು ಮರೆತ ಚಂದಾಗಳು ಅಲ್ಲಿ ಸಾಲಾಗಿ ಕಾಣುತ್ತವೆ, ಅಲ್ಲೇ ರದ್ದೂ ಮಾಡಬಹುದು.

ಹದಿನೈದು ವರ್ಷದಿಂದ ಪಾನ್ ಮಸಾಲಾ, ತಂಬಾಕು ಜಗಿಯುತ್ತೇನೆ. ಹೊಸ ವರ್ಷಕ್ಕೆ ಬಿಡಬೇಕೆಂದು ಮೂರು ಸಲ ಪ್ರಯತ್ನಿಸಿದೆ. ಎರಡನೆಯ ದಿನವೇ ತಲೆ ಸಿಡಿದುಹೋಗುತ್ತದೆ. (ಬೆಳಗಾವಿ)

ಅದು ನಿಕೋಟಿನ್ ಇಳಿಯುವ ಲಕ್ಷಣ. ಎರಡನೆಯ, ಮೂರನೆಯ ದಿನ ತುದಿಗೇರಿ, ಆಮೇಲೆ ಇಳಿಯುತ್ತ ಎರಡರಿಂದ ನಾಲ್ಕು ವಾರದಲ್ಲಿ ತಣ್ಣಗಾಗುತ್ತದೆ. ನೀವು ಮೂರು ಸಲವೂ ಕೈಬಿಟ್ಟದ್ದು ಸರಿಯಾಗಿ ತುದಿಯಲ್ಲಿ. ಡಿಸೆಂಬರ್ 31ರ ರಾತ್ರಿ ಪಾರ್ಟಿಯಲ್ಲಿ ಕುಡಿದು ಜನವರಿ ಒಂದಕ್ಕೆ ಬಿಡುವುದು ಕೆಟ್ಟ ಮುಹೂರ್ತ, ಮದ್ಯ ಚಟವನ್ನು ಕೆರಳಿಸುತ್ತದೆ. ಕೆಲಸದ ಒತ್ತಡವಿಲ್ಲದ ಮೂರು ದಿನ ಮುಂದಿರುವ ತಾರೀಕು ಆರಿಸಿ. ಹಿಂದಿನ ರಾತ್ರಿ ಜೇಬು, ಬೈಕಿನ ಡಬ್ಬಿ, ಆಫೀಸಿನ ಡ್ರಾಯರ್ ಎಲ್ಲ ಖಾಲಿ ಮಾಡಿ.

ನಿಕೋಟಿನ್ ಗಮ್ 2 ಮಿಲಿಗ್ರಾಂನದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಚ್ಯೂಯಿಂಗ್ ಗಮ್‌ನಂತೆ ಜಗಿದು ಬಿಕ್ಕಳಿಕೆ, ಹೊಟ್ಟೆ ತೊಳಸು ಬರಿಸಿಕೊಂಡು 'ನನಗಾಗದು' ಅನ್ನುವವರೇ ಬಹಳ. ನಿಧಾನವಾಗಿ ಜಗಿಯಿರಿ. ಖಾರದಂತೆ ಚುರುಕ್ ಅಂದ ಕೂಡಲೇ ನಿಲ್ಲಿಸಿ ಕೆನ್ನೆ, ವಸಡಿನ ನಡುವೆ ಇರಿಸಿ. ಚುರುಕು ಇಳಿದರೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕಡೆ ಇರಿಸಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚೆಯೂ, ಬಾಯಲ್ಲಿರುವಾಗಲೂ ಕಾಫಿ, ಚಹಾ, ನಿಂಬೆ ಪಾನಕ ಬೇಡ, ಹುಳಿ ಇದ್ದರೆ ನಿಕೋಟಿನ್ ಒಳಗೆ ಹೀರಲ್ಪಡುವುದಿಲ್ಲ. ಹೃದ್ರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ತಂಬಾಕು ಬಿಟ್ಟು ಬರೀ ಅಡಿಕೆಗೆ ಹೋಗುವುದು ಪರಿಹಾರವಲ್ಲ. ಅಡಿಕೆ ಜಗಿತವೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಕೇಳಲು ಇಷ್ಟವಾಗದ ಮಾತು, ಆದರೂ ಹೇಳಲೇಬೇಕು. ಸೋಂಪು, ಲವಂಗ, ಏಲಕ್ಕಿ ಇಟ್ಟುಕೊಳ್ಳಿ. ಇವತ್ತೇ ಒಂದು ಪರೀಕ್ಷೆ ಮಾಡಿ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಲ್ಲಿ ತೂರಿಸಿ. ಹೋಗದಿದ್ದರೆ, ಅಥವಾ ಕೆನ್ನೆಯೊಳಗೆ ಬಿಳಿ ಮಚ್ಚೆ, ಖಾರ ತಿಂದರೆ ಉರಿ ಇದ್ದರೆ ದಂತವೈದ್ಯರನ್ನು ಈ ವಾರವೇ ಕಾಣಿ. ತಂಬಾಕು ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಮಲಗುವಾಗ ಹತ್ತು ನಿಮಿಷ ಎಂದು ಹಿಡಿದ ಮೊಬೈಲ್ ಒಂದು ಗಂಟೆ ತಿನ್ನುತ್ತದೆ. (ಬೆಂಗಳೂರು)

ಚಾರ್ಜರನ್ನು ಅಡುಗೆಮನೆಗೆ ಸಾಗಿಸಿ, ಅಲಾರಂಗೆ ಬೇರೆ ಗಡಿಯಾರ ತನ್ನಿ. ಉಳಿದ ಉಪಾಯಗಳೆಲ್ಲ ಇದರ ಮುಂದೆ ಸಣ್ಣವು. ಆಂಡ್ರಾಯ್ಡ್‌ನ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನಿನ 'ಸ್ಕ್ರೀನ್ ಟೈಮ್' ಎರಡರಲ್ಲೂ ಆಪ್‌ಗೆ ದಿನದ ಮಿತಿ ಹಾಕಬಹುದು. ಆದರೆ ಆ ಮಿತಿಯನ್ನು ನೀವೇ ಎರಡು ಒತ್ತಿನಲ್ಲಿ ತೆಗೆಯಲೂ ಬಹುದು, ತೆಗೆಯುತ್ತೀರಿ ಕೂಡ. ವಾಟ್ಸಾಪ್ ಗುಂಪುಗಳನ್ನು 'ಯಾವಾಗಲೂ' ಎಂದು ಮ್ಯೂಟ್ ಮಾಡಿ. ಮನೆಯವರ ಕರೆ ಹೇಗೂ ಬರುತ್ತದೆ.

ಜರ್ಮನಿಯಲ್ಲಿದ್ದೇವೆ. ಏಳು ವರ್ಷದ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಈ ವರ್ಷ ಕಲಿಸಬೇಕೆಂದು ಪ್ರತಿ ಭಾನುವಾರ ಎರಡು ಗಂಟೆ ಕೂರಿಸುತ್ತೇವೆ. ಅಳು, ಜಗಳ. (ಸ್ಟುಟ್‌ಗಾರ್ಟ್)

ಎರಡು ಗಂಟೆಯನ್ನು ಒಡೆದು ದಿನಕ್ಕೆ 12 ನಿಮಿಷ ಮಾಡಿ. ವಾರದ ಒಟ್ಟು ಕಡಿಮೆಯಾದರೂ ನಿನ್ನೆಯದು ಮರೆಯುವ ಮುನ್ನ ಇವತ್ತಿನದು ಬರುತ್ತದೆ. ಸಂಜೆ ತಿಂಡಿಯ ತಟ್ಟೆ ಖಾಲಿಯಾದ ಕೂಡಲೇ, ಅದೇ ಮೇಜಿನಲ್ಲಿ.

ಅ ಆ ಇ ಈ ಎಂದು 49 ಅಕ್ಷರವನ್ನು ಸಾಲಾಗಿ ಉರು ಹೊಡೆಸಬೇಡಿ. ಮಾತು ಬರುವ ಮಗುವಿಗೆ ಅದು ಅನಗತ್ಯ ಶಿಕ್ಷೆ. ಕರ್ನಾಟಕದ ಒಂದನೆಯ ತರಗತಿಯಲ್ಲಿ ಬಳಕೆಯಲ್ಲಿರುವ ಕ್ರಮ ನೋಡಿ: ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಅರ, ಅರಸ, ಸರ, ದರ, ಗರಗಸ ಓದಬಹುದು. ಎರಡನೆಯ ವಾರ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ಬಸವ, ನಗರ, ಸಮರ. ಮೊದಲ ವಾರದಿಂದಲೇ ಓದಿದ ಹೆಮ್ಮೆ ಸಿಗುತ್ತದೆ. ಕಾಗುಣಿತ ಆಮೇಲೆ, ಒಂದು ವಾರಕ್ಕೆ ಒಂದೇ ಗುರುತು, ಮೊದಲು ದೀರ್ಘ ಆಕಾರ. ಸಿಕ್ಕಿಹಾಕಿಕೊಳ್ಳುವುದು ಒತ್ತಕ್ಷರದಲ್ಲಿ. ಅದಕ್ಕೆ ಅಮ್ಮ, ಅಪ್ಪ, ಅಜ್ಜ, ಅಣ್ಣ, ಅಕ್ಕ ಎಂಬ ಮನೆಯ ಪದಗಳಿಂದ ಶುರು ಮಾಡಿ, ತ್ರ, ಕ್ಷ್ಮಗಳಿಗೆ ಅವಸರವಿಲ್ಲ. ಊರಿನಲ್ಲಿರುವ ಅಜ್ಜಿಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಐದು ಪದ ಓದಿ ಹೇಳಲಿ. ತಿದ್ದುವ ಕೆಲಸ ಅಜ್ಜಿಗೆ ಬಿಡಿ, ನೀವು ಪಕ್ಕದಲ್ಲಿ ಸುಮ್ಮನಿರಿ.

ಜನವರಿ ಆಗಲೇ ಅರ್ಧ ಹೋಯಿತು. ಯುಗಾದಿಗೆ ಶುರು ಮಾಡಿದರೆ ನಡೆದೀತೇ? ಎಲ್ಲರಿಗೂ ಹೇಳಿಕೊಂಡರೆ ಮರ್ಯಾದೆಗಾದರೂ ಮಾಡುತ್ತೇವೆ ಅನ್ನುತ್ತಾರೆ, ನಿಜವೇ? ನನ್ನದೂ ವಾಕಿಂಗ್ ನಿರ್ಧಾರವೇ. (ಕಲಬುರಗಿ)

ನಡೆಯುತ್ತದೆ. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹುಟ್ಟುಹಬ್ಬದ ಮರುದಿನ ಹೀಗೆ ಹೊಸ ಪುಟ ತಿರುಗಿದಂತೆ ಅನಿಸುವ ದಿನಗಳಲ್ಲೆಲ್ಲ ಜನ ಜಿಮ್‌ಗೆ ಹೆಚ್ಚು ಹೋಗುತ್ತಾರೆ ಎಂಬುದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ನಮಗಂತೂ ಇಂಥ ದಿನಗಳಿಗೆ ಬರವಿಲ್ಲ: ಸಂಕ್ರಾಂತಿ, ಯುಗಾದಿ, ಏಪ್ರಿಲ್ ಒಂದು, ವಿಜಯದಶಮಿ, ಬಲಿಪಾಡ್ಯಮಿ. ಆದರೆ ಯುಗಾದಿಯ ತನಕ ಕಾಯುವ ನೆಪದಲ್ಲಿ ಈ ಎರಡು ತಿಂಗಳು ಸುಮ್ಮನೆ ಕೂರಬೇಡಿ, ಮುಂದಿನ ಸೋಮವಾರವೂ ಅಷ್ಟೇ ಒಳ್ಳೆಯ ದಿನ.

ಎಲ್ಲರಿಗೂ ಹೇಳಬೇಡಿ. ಸ್ಟೇಟಸ್ ಹಾಕಿ ನೂರು ಶಹಭಾಸ್ ಬಂದರೆ ಅರ್ಧ ಕೆಲಸ ಆದಂತೆ ಮನಸ್ಸು ತೃಪ್ತಿಪಡುತ್ತದೆ. ಒಬ್ಬರಿಗೆ ಹೇಳಿ, ಪ್ರತಿ ಭಾನುವಾರ 'ಈ ವಾರ ಎಷ್ಟು ದಿನ ನಡೆದೆ?' ಎಂದು ಬಿಡದೆ ಕೇಳುವವರಿಗೆ. ಹುಬ್ಬಳ್ಳಿಯವರಿಗೆ ಕೊಟ್ಟ 10 ನಿಮಿಷದ ಲೆಕ್ಕವೇ ನಿಮಗೂ. ಯುಗಾದಿಯ ಹೊತ್ತಿಗೆ ಸೂರ್ಯ ಜನವರಿಗಿಂತ ಇಪ್ಪತ್ತು, ಮೂವತ್ತು ನಿಮಿಷ ಬೇಗ ಹುಟ್ಟುತ್ತಾನೆ, ಏಳುವುದು ಸುಲಭ. ಆದರೆ ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು. ಹಾಗಾಗಿ ಬೆಳಿಗ್ಗೆ ಏಳರೊಳಗೆ ನಡೆದು ಮುಗಿಸಿ. ತಪ್ಪಿದ ದಿನಕ್ಕೆ ಸೂರ್ಯ ಮುಳುಗಿದ ಮೇಲಿನ ಹೊತ್ತನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.